ಕುಚ್ಚು ಮೀನಿಗೂ ಬಾಳೆ ಮೀನಿಗೂ ಗಾಳ ಹಾಕುವ ಬಗೆ



ಹೊಂಡದಲ್ಲಿ, ಸಣ್ಣ ಕೆರೆಯಲ್ಲಿ ಮೀನು ಸಾಕುವ ನಿಮ್ಮಲ್ಲಿ ಹಲವರ ದೂರು ಒಂದೇ. “ಮಳೆಗಾಲದಲ್ಲಿ ಸಾವಿರ ಮರಿ ಬಿಟ್ಟೆವು, ಬೇಸಗೆಯಲ್ಲಿ ಬಲೆ ಎಳೆದರೆ ಇನ್ನೂರು ಸಿಕ್ಕಲಿಲ್ಲ, ಮಿಕ್ಕವು ಎಲ್ಲಿ ಹೋದವು ಸ್ವಾಮಿ?” ಎಂದು ಕೇಳುತ್ತೀರಿ. ಕೆಲವರು ನೆರೆಯವನ ಮೇಲೆ ಅನುಮಾನ ಪಡುತ್ತೀರಿ, ಕೆಲವರು ಕೊಕ್ಕರೆಯನ್ನು ಬಯ್ಯುತ್ತೀರಿ. ಕೊಕ್ಕರೆಯೂ ತಿನ್ನುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಎಷ್ಟೋ ಕಡೆ ನಿಜವಾದ ಕಳ್ಳ ನೀರಿನೊಳಗೇ ಇರುತ್ತಾನೆ. ಅವನೇ ಕುಚ್ಚು ಮೀನು. ದೊಡ್ಡ ಕೆರೆ, ಹೊಳೆಗಳಲ್ಲಾದರೆ ಅವನ ಜೊತೆಗೆ ಔಲು ಮತ್ತು ಬಾಳೆ ಮೀನು. ಈ ಮೂವರನ್ನು ಗಾಳದಿಂದ ಹಿಡಿಯುವ ಬಗೆಯನ್ನು ಈ ದಿನ ಹೇಳಬೇಕೆಂದಿದ್ದೇನೆ.

ಹೆಸರಿನ ವಿಷಯ ಮೊದಲು ತಿಳಿಯಾಗಲಿ. ಊರಿಂದ ಊರಿಗೆ ಮೀನಿನ ಹೆಸರು ಬದಲಾಗುತ್ತದೆ. ಕುಚ್ಚು ಎಂದರೆ ಹಾವಿನಂಥ ತಲೆ, ಉರುಟು ಮೈ, ಬೆನ್ನುದ್ದಕ್ಕೂ ಒಂದೇ ರೆಕ್ಕೆ ಇರುವ ಕಪ್ಪು ಮೀನು. ಮುರಲು ಎನ್ನುವವರೂ ಇದ್ದಾರೆ. ಇದರ ದೊಡ್ಡಣ್ಣ ಔಲು, ಮೈಮೇಲೆ ಚುಕ್ಕಿ ಇರುವುದರಿಂದ ಹೂವಿನ ಮುರಲು ಎಂದೂ ಕರೆಯುವುದುಂಟು. ಇದು ಮೂರಡಿಗೂ ಮಿಕ್ಕಿ ಬೆಳೆಯುತ್ತದೆ. ಬಾಳೆ ಮೀನು ಬೇರೆಯೇ ಜಾತಿ. ಮೈಮೇಲೆ ಹುರುಪೆ ಇಲ್ಲ, ಬೆಳ್ಳಿಯ ಬಣ್ಣ, ಚಪ್ಪಟೆ ಮೈ, ಕಣ್ಣಿನ ಹಿಂದಕ್ಕೂ ಸೀಳಿದ ಬಾಯಿ, ಉದ್ದನೆಯ ಮೀಸೆ. ಆ ಬಾಯಿಯನ್ನು ಒಮ್ಮೆ ತೆರೆದು ನೋಡಿದವರು ಮತ್ತೆ ಅದರಲ್ಲಿ ಬೆರಳಿಡುವುದಿಲ್ಲ.

ಕುಚ್ಚನ್ನು ಬಲೆಯಿಂದ ಹಿಡಿದರಾಗದೆ, ಗಾಳ ಏಕೆ, ಎಂದು ನೀವು ಕೇಳಬಹುದು. ಎಳೆಬಲೆ ಹತ್ತಿರ ಬಂದ ಕೂಡಲೇ ಕಟ್ಲ, ರೋಹು ಮೇಲಕ್ಕೆ ನೆಗೆಯುತ್ತವೆ. ಕುಚ್ಚು ಹಾಗಲ್ಲ, ಕೆಳಕ್ಕೆ ಹೋಗಿ ಕೆಸರಲ್ಲಿ ಮೂತಿ ಹೂತು ಮಲಗುತ್ತದೆ. ಬಲೆಯ ಕೆಳಹಗ್ಗ ಅದರ ಬೆನ್ನ ಮೇಲೆ ಜಾರಿಕೊಂಡು ಹೋಗುತ್ತದೆ. ಹಿಪ್ಪೆ ಹಿಂಡಿ ಹಾಕಿದರೆ ಸಾಯುತ್ತದೆ, ನಿಜ. ಒಂದು ಮೀಟರು ನೀರು ನಿಂತ ಎಕರೆ ಹೊಂಡಕ್ಕೆ ಸುಮಾರು 1000 ಕಿಲೋ ಹಿಂಡಿ ಬೇಕು. ಆದರೆ ಅದು ಮರಿ ಬಿಡುವುದಕ್ಕೆ ಮುಂಚೆ ಮಾಡುವ ಕೆಲಸ. ಹಿಂಡಿ ಹಾಕಿದ ಎರಡು ಮೂರು ವಾರ ನೀರಿನಲ್ಲಿ ವಿಷ ಇರುತ್ತದೆ. ಮರಿ ಬಿಟ್ಟ ಮೇಲೆ ಹಾಕಿದರೆ ಕಳ್ಳನೂ ಸತ್ತ, ಮನೆಯವರೂ ಸತ್ತರು ಎಂಬಂತಾಗುತ್ತದೆ. ಇನ್ನು ಮರಿ ಬಿಟ್ಟ ಹೊಂಡಕ್ಕೆ ಕುಚ್ಚು ಬರುವುದು ಹೇಗೆ? ಮಳೆಗಾಲದಲ್ಲಿ ಗದ್ದೆಯ ನೀರಿನ ಜೊತೆ ಬರುತ್ತದೆ. ನೀರು ಹರಿಯದಿದ್ದರೂ ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಬರಬಲ್ಲದು. ಅದು ಗಾಳಿಯನ್ನೇ ಉಸಿರಾಡುವ ಮೀನು. ಆದುದರಿಂದ ಮರಿಗಳ ನಡುವೆ ಸೇರಿಕೊಂಡ ಕುಚ್ಚನ್ನು ಆರಿಸಿ ತೆಗೆಯಲು ಗಾಳಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣದು. ತೆಗೆದದ್ದು ವ್ಯರ್ಥವೂ ಆಗುವುದಿಲ್ಲ. ಕುಚ್ಚಿನ ಮಾಂಸದಲ್ಲಿ ಸಣ್ಣ ಮುಳ್ಳು ಕಡಿಮೆ, ಮಕ್ಕಳಿಗೂ ಮುದುಕರಿಗೂ ಕೊಡಬಹುದು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಗಂಟೆಗಟ್ಟಲೆ ಬದುಕಿರುವುದರಿಂದ ಸಂತೆಗೆ ಜೀವಂತ ಒಯ್ಯಬಹುದು, ಬೆಲೆಯೂ ಹೆಚ್ಚು.

ನಮ್ಮ ಉಡುತಡಿಯ ಸುತ್ತ ಕೆರೆಗಳಿಗೆ ಬರವಿಲ್ಲ. ಹತ್ತಿರದ ತಾಳಗುಂದದ ಕಂಬದ ಶಾಸನ ಐದನೆಯ ಶತಮಾನದ್ದು, ಅದು ಕದಂಬರ ಕಾಕುಸ್ಥವರ್ಮ ಕೆರೆ ತೋಡಿಸಿದ್ದನ್ನು ಹೇಳುತ್ತದೆ. ಕೆರೆ ಇದ್ದ ಮೇಲೆ ಮೀನು ಇತ್ತು, ಮೀನಿದ್ದ ಮೇಲೆ ಹಿಡಿಯುವವನೂ ಇದ್ದಾನು. ಬಳ್ಳಿಗಾವೆಯನ್ನು ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಎಂಬ ಅರಸ ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಗಾಳದ ಮೀನುಬೇಟೆಗೇ ಒಂದು ಭಾಗವಿದೆ. ಕಡಲ ಮೀನು ಯಾವುವು, ಸಿಹಿನೀರಿನವು ಯಾವುವು, ಯಾವುದಕ್ಕೆ ಏನು ತಿನ್ನಿಸಿ ಪಳಗಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದೆಲ್ಲ ಹೇಳಿದ್ದಾನೆ. ಮೀನಿನ ವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದನ್ನು ಪರಿಶೀಲಿಸಿ ಲೇಖನ ಬರೆದರು. ಗಾಳ ಹಾಕುವುದು ಕೆಲಸವಿಲ್ಲದವನ ಕೆಲಸ ಎಂದು ನಗುವವರಿಗೆ ಈ ಅರಸನ ಮಾತನ್ನು ನೆನಪಿಸಬಹುದು.

ಈಗ ಸಾಮಾನಿನ ಮಾತು. ದಾರ, ಗಾಳ, ಗಂಟು ಈ ಮೂರರಲ್ಲಿ ಯಾವುದು ಸೋತರೂ ಮೀನು ಹೋಯಿತು. ಹೆಚ್ಚಿನವರು ಸೋಲುವುದು ಗಂಟಿನಲ್ಲಿ.

ನೈಲಾನ್ ದಾರ, ತಂಗೂಸು ಎನ್ನುತ್ತೀರಲ್ಲ, ಅದು ಹತ್ತಿಯ ಹುರಿಯಂತಲ್ಲ. ಅದರ ಮೈ ನುಣುಪು. ಎಮ್ಮೆ ಕಟ್ಟುವ ಗಂಟನ್ನು ಅದಕ್ಕೆ ಹಾಕಿದರೆ ಒಂದೋ ಜಾರುತ್ತದೆ, ಇಲ್ಲವೆ ತನ್ನನ್ನೇ ತಾನು ಕೊಯ್ದುಕೊಳ್ಳುತ್ತದೆ. ಹೀಗೆ ಮಾಡಿ: ದಾರದ ತುದಿಯನ್ನು ಗಾಳದ ಕಣ್ಣಿಗೆ ಪೋಣಿಸಿ ಒಂದು ಗೇಣು ಹೊರಗೆ ತೆಗೆಯಿರಿ. ಆ ತುದಿಯನ್ನು ಮೂಲ ದಾರದ ಸುತ್ತ ಐದಾರು ಸುತ್ತು ಸುತ್ತಿ. ಕಣ್ಣಿನ ಪಕ್ಕದಲ್ಲಿ ಒಂದು ಸಣ್ಣ ಉಂಗುರ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ತೂರಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಒಣಗಿದ್ದಾಗ ಬಿಗಿದರೆ ಉಜ್ಜಿದ ಬಿಸಿಗೆ ದಾರದ ಸತ್ವ ಹೋಗುತ್ತದೆ. ಬಿಗಿದ ಮೇಲೆ ಗಾಳವನ್ನು ಒಂದು ಗೂಟಕ್ಕೆ ಸಿಕ್ಕಿಸಿ ಜಗ್ಗಿ ನೋಡಿ. ಹರಿಯುವುದಿದ್ದರೆ ಮನೆಯಲ್ಲೇ ಹರಿಯಲಿ.

ಕುಚ್ಚಿಗೆ 0.50ರಿಂದ 0.60 ಮಿಲಿಮೀಟರು ದಪ್ಪದ ದಾರ ಇರಲಿ. ಎರಡು ಕಿಲೋ ಮೀನಿಗೆ ಹದಿನೈದು ಕಿಲೋ ತಡೆಯುವ ದಾರ ಏಕೆ ಎಂದು ಅಂಗಡಿಯವನೇ ಕೇಳಿಯಾನು. ಕಾರಣ ಇದೆ. ಬಯಲು ನೀರಿನಲ್ಲಿ ಸಣ್ಣ ದಾರದಿಂದಲೂ ದೊಡ್ಡ ಮೀನನ್ನು ಆಡಿಸಿ ದಣಿಸಬಹುದು. ಕುಚ್ಚು ಇರುವುದು ಬಯಲಲ್ಲಲ್ಲ, ತಾವರೆ ಎಲೆಯ ಕೆಳಗೆ, ಜೊಂಡಿನ ಬುಡದಲ್ಲಿ, ಮುಳುಗಿದ ಮರದ ಸಂದಿಯಲ್ಲಿ. ಗಾಳ ಚುಚ್ಚಿದ ಕೂಡಲೇ ಅದು ಒಂದೇ ಏಟಿಗೆ ತಿರುಗಿ ಅಲ್ಲಿಗೇ ನುಗ್ಗುತ್ತದೆ. ಅಲ್ಲಿ ದಾರವನ್ನು ಎರಡು ಸುತ್ತು ಹಾಕಿತೆಂದರೆ ನೀವು ಎಳೆಯುವುದು ಮೀನನ್ನಲ್ಲ, ಜೊಂಡನ್ನು. ಹಾಗಾಗಿ ಮೊದಲ ನಿಮಿಷದಲ್ಲೇ ಅದರ ತಲೆಯನ್ನು ನಮ್ಮ ಕಡೆಗೆ ತಿರುಗಿಸಬೇಕು. ಅದಕ್ಕೆ ಬೇಕು ಬಲವಾದ ದಾರ.

ಗಾಳದ ಸಂಖ್ಯೆ ಕೆಲವರಿಗೆ ಗೊಂದಲ. ಹತ್ತನೆಯ ನಂಬರು ಎಂಟಕ್ಕಿಂತ ಸಣ್ಣದು, ಎಂಟು ಆರಕ್ಕಿಂತ ಸಣ್ಣದು. ಹೀಗೆ ಒಂದಕ್ಕೆ ಬಂದ ಮೇಲೆ ಲೆಕ್ಕ ತಿರುಗುತ್ತದೆ: 1/0, 2/0, 3/0 ಎಂದು ಏರಿದಂತೆ ಗಾಳವೂ ದೊಡ್ಡದಾಗುತ್ತದೆ. ಕುಚ್ಚಿಗೆ 2/0 ಅಥವಾ 3/0, ಬಾಳೆಗೆ 5/0 ಸಾಕು. ಹೊಸ ಗಾಳವಾದರೂ ಮೊನೆ ಪರೀಕ್ಷಿಸಿ. ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡು, ತಡೆದು ನಿಂತರೆ ಚೂಪು. ಕುಚ್ಚಿನ ಬಾಯಿ ಎಲುಬಿನದು, ಮೊಂಡು ಗಾಳ ಅದರಲ್ಲಿ ನಾಟುವುದೇ ಇಲ್ಲ. ಸಣ್ಣ ಅರದಿಂದ ಎರಡು ಸಲ ಉಜ್ಜಿದರೆ ಆಯಿತು.

ಕುಚ್ಚಿಗೆ ಕೋಲುಗಾಳವೇ ಚೆಂದ. ಹನ್ನೆರಡರಿಂದ ಹದಿನೈದು ಅಡಿಯ ಗಟ್ಟಿ ಬಿದಿರು, ಅದಕ್ಕಿಂತ ಸ್ವಲ್ಪ ಗಿಡ್ಡದಾದ ದಾರ, ತುದಿಗೆ ಗಾಳ. ಸೀಸದ ಗುಂಡು ಬೇಡ. ಬೆಂಡು ಕಟ್ಟುವುದಾದರೆ ಎರೆ ನೀರಿನ ಮೇಲ್ಭಾಗದಿಂದ ಒಂದು ಗೇಣು ಕೆಳಗಿರುವಂತೆ ಕಟ್ಟಿ, ಜೋಳದ ದಂಟಿನ ಬೆಂಡಾದರೂ ನಡೆದೀತು. ಎರೆಗೆ ಸಸಲಿನಂಥ ಸಣ್ಣ ಜೀವಂತ ಮೀನು ಉತ್ತಮ. ಬೆನ್ನ ರೆಕ್ಕೆಯ ಹಿಂದೆ ಚರ್ಮದ ಕೆಳಗಷ್ಟೇ ಗಾಳ ಚುಚ್ಚಬೇಕು, ಬೆನ್ನೆಲುಬಿಗೆ ತಾಗಬಾರದು. ತಾಗಿದರೆ ಎರೆ ಆಡುವುದಿಲ್ಲ, ಆಡದ ಎರೆಯನ್ನು ಕುಚ್ಚು ಮೂಸಿ ನೋಡುವುದಿಲ್ಲ. ಸೀಗಡಿ, ದೊಡ್ಡ ಮಿಡತೆ, ನಾಲ್ಕೈದು ಎರೆಹುಳುಗಳ ಗೊಂಚಲು ಇವೂ ಆಗುತ್ತವೆ. ಆದರೆ ಎರೆಹುಳು ಹಾಕಿದರೆ ಕೊರವ, ಏಡಿ, ಚೇಳು ಮೀನು ಎಲ್ಲವೂ ಬಂದು ಕಚ್ಚಿ ಕಾಲ ಕಳೆಸುತ್ತವೆ.

ಕಪ್ಪೆಯ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕುಚ್ಚಿಗೆ ಕಪ್ಪೆಯಂಥ ಎರೆ ಇನ್ನೊಂದಿಲ್ಲ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೂ ನಾನು ಬೇಡವೆನ್ನುತ್ತೇನೆ. ದೊಡ್ಡ ಗದ್ದೆಗಪ್ಪೆಗೆ ಈಗ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ, ಹಿಡಿಯುವುದು ಅಪರಾಧ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಗದ್ದೆಯ ಲೆಕ್ಕ. ಹಿಂದೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳನ್ನು ಹಡಗುಗಟ್ಟಲೆ ಹೊರದೇಶಕ್ಕೆ ಕಳಿಸುತ್ತಿದ್ದರು. ಗದ್ದೆಯ ಹುಳುಗಳನ್ನು ತಿನ್ನುವವರು ಯಾರೂ ಉಳಿಯುವುದಿಲ್ಲವೆಂದು ಕೂಗೆದ್ದು, 1987ರಲ್ಲಿ ಆ ರಫ್ತನ್ನು ನಿಲ್ಲಿಸಿದರು. ಭತ್ತದ ಹುಳುವಿಗೆ ಔಷಧಿ ಹೊಡೆಯಲು ದುಡ್ಡು ಕೊಟ್ಟು, ಹುಳು ತಿನ್ನುವ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸುವುದು ಯಾವ ಲೆಕ್ಕ? ರಬ್ಬರಿನ ಕಪ್ಪೆ ಈಗ ಪೇಟೆಯಲ್ಲಿ ಸಿಗುತ್ತದೆ. ಅದರ ಗಾಳದ ಮೊನೆಗಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕುವುದಿಲ್ಲ. ಎಲೆಯ ಮೇಲಿಂದ ನೀರಿಗೆ ಕುಪ್ಪಳಿಸಿದಂತೆ ಎಳೆದರೆ ಕುಚ್ಚು ಸಿಡಿದು ಬಂದು ಹಿಡಿಯುತ್ತದೆ. ಆಗ ಗಾಬರಿಯಿಂದ ಕೂಡಲೇ ಎಳೆಯಬೇಡಿ. ನೀರು ಚಿಮ್ಮಿದ್ದನ್ನು ನೋಡಿ ಎಳೆದವನಿಗೆ ಬರಿಯ ಕಪ್ಪೆ ಬರುತ್ತದೆ. ದಾರ ಭಾರವಾದದ್ದು ಕೈಗೆ ತಿಳಿದ ಮೇಲೆ ಎಳೆದವನಿಗೆ ಮೀನು.

ಕುಚ್ಚು ಇರುವ ಜಾಗ ಗುರುತಿಸುವುದು ಕಷ್ಟವಲ್ಲ. ಗಾಳಿಗಾಗಿ ಅದು ಆಗಾಗ ಮೇಲೆ ಬರಲೇಬೇಕು. ಬೆಳಿಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ ದಡದಲ್ಲಿ ಸದ್ದಿಲ್ಲದೆ ಕುಳಿತರೆ ‘ಗುಳುಂ’ ಎಂಬ ಸದ್ದು, ಒಂದು ಸುಳಿ, ಎರಡು ಗುಳ್ಳೆ. ಅದೇ ಜಾಗದ ಅಂಚಿಗೆ ಎರೆ ಇಳಿಸಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು, ಕಾಲು ಬಡಿಯಬಾರದು. ಬೆಳಗಿನ ಜಾವ ಮತ್ತು ಸಂಜೆ ಒಳ್ಳೆಯ ಹೊತ್ತು.

ಬಾಳೆ ಮೀನಿನ ಕತೆ ಬೇರೆ. ಅಂಜನಾಪುರ, ಅಂಬ್ಲಿಗೊಳದಂಥ ದೊಡ್ಡ ನೀರಿನಲ್ಲೂ ವರದಾ, ದಂಡಾವತಿ, ಕುಮುದ್ವತಿಯ ಮಡುಗಳಲ್ಲೂ ಹುಡುಕಬೇಕಾದ ಮೀನು ಇದು. ಹಗಲು ದಡದ ಪೊಟರೆಯಲ್ಲಿ ಮಲಗಿ ರಾತ್ರಿ ಬೇಟೆಗೆ ಹೊರಡುತ್ತದೆ. ಕಡಲ ಕರೆಯ ಮೀನುಗಾರರು ಅಂಜಲ್ ಮೀನಿಗೆ ಗಾಳ ಎಳೆಯುವಾಗ ದಾರದ ತುದಿಗೆ ಉಕ್ಕಿನ ತಂತಿ ಕಟ್ಟುತ್ತಾರೆ. ಅಂಜಲ್‌ನ ಹಲ್ಲು ಕತ್ತರಿಯಂತೆ, ದಾರವನ್ನು ಕಚಕ್ಕನೆ ಕತ್ತರಿಸುತ್ತದೆ. ಬಾಳೆಯ ಹಲ್ಲು ಕತ್ತರಿಯಲ್ಲ, ಅರ. ಸಾಲುಸಾಲಾಗಿರುವ ಸಣ್ಣ ಹಲ್ಲುಗಳು ದಾರವನ್ನು ಉಜ್ಜಿ ಉಜ್ಜಿ ಸವೆಸುತ್ತವೆ. ಪರಿಣಾಮ ಒಂದೇ. ಆದುದರಿಂದ ಗಾಳದ ಮೇಲೆ ಒಂದು ಗೇಣು ತೆಳು ಉಕ್ಕಿನ ತಂತಿ ಇರಬೇಕು. ತಂತಿಗೂ ದಾರಕ್ಕೂ ನಡುವೆ ಒಂದು ತಿರುಗಣಿ ಹಾಕಿ. ಬಾಳೆ ಸಿಕ್ಕಿಬಿದ್ದಾಗ ಮೈ ಹೊರಳಿಸುತ್ತದೆ. ತಿರುಗಣಿ ಇಲ್ಲದಿದ್ದರೆ ದಾರ ಹುರಿಗೊಂಡು ತುಂಡಾಗುತ್ತದೆ.

ನಡುವೆ ತೂತಿರುವ ಸೀಸದ ಗುಂಡನ್ನು ತಿರುಗಣಿಗಿಂತ ಮೇಲೆ ದಾರಕ್ಕೆ ಪೋಣಿಸಿ, ಕಟ್ಟಬೇಡಿ, ಸಡಿಲವಾಗಿ ಜಾರಲಿ. ಮೀನು ಎರೆ ಹಿಡಿದು ಹೊರಟಾಗ ದಾರ ಗುಂಡಿನೊಳಗೆ ಹರಿಯುತ್ತದೆ, ಗುಂಡು ನೆಲದಲ್ಲೇ ಇರುತ್ತದೆ. ಭಾರ ತಿಳಿಯದಿದ್ದರೆ ಅದು ಎರೆಯನ್ನು ಬಿಡುವುದಿಲ್ಲ. ಗುಂಡನ್ನು ಬಿಗಿದು ಕಟ್ಟಿದವರು “ಕಚ್ಚಿತು, ಬಿಟ್ಟಿತು” ಎಂದು ರಾತ್ರಿಯೆಲ್ಲ ಹೇಳುತ್ತಿರುತ್ತಾರೆ. ಎರೆಗೆ ಒಂದು ಗೇಣಿನ ಮೀನು, ತುಟಿಗಳೆರಡನ್ನೂ ಸೇರಿಸಿ ಚುಚ್ಚಿ. ಬಾಳೆಗೆ ಸತ್ತ ಮೀನಾದರೂ ನಡೆಯುತ್ತದೆ, ಕೋಳಿಯ ಕರುಳೂ ನಡೆಯುತ್ತದೆ. ಅದು ಮೂಗಿನಿಂದಲೂ ಮೀಸೆಯಿಂದಲೂ ಹುಡುಕುವ ಪ್ರಾಣಿ.

ರಾತ್ರಿ ಗಾಳವನ್ನು ಮರದ ಬೇರಿಗೆ, ಕಲ್ಲಿಗೆ ಕಟ್ಟಿ ಹೋಗುವುದು ರೂಢಿ. ಬೇರು ಬಗ್ಗುವುದಿಲ್ಲ, ಮೀನು ನುಗ್ಗಿದಾಗ ಏಟೆಲ್ಲ ದಾರದ ಮೇಲೆಯೇ ಬೀಳುತ್ತದೆ. ಅದರ ಬದಲು ಹೆಬ್ಬೆರಳ ಗಾತ್ರದ ಹಸಿ ಬಿದಿರನ್ನು ದಡದಲ್ಲಿ ಆಳವಾಗಿ ಓರೆಯಾಗಿ ನೆಟ್ಟು ತುದಿಗೆ ದಾರ ಕಟ್ಟಿ. ಮೀನು ಎಳೆದಷ್ಟೂ ಬಿದಿರು ಬಾಗುತ್ತದೆ, ಬಿಟ್ಟಾಗ ತಾನೇ ಎಳೆದುಕೊಳ್ಳುತ್ತದೆ. ಗಾಳ ಹಾಕಿ ಮನೆಗೆ ಹೋಗಿ ಮಲಗಬೇಡಿ. ಬೆಳಗಾಗುವುದರೊಳಗೆ ಏಡಿಯೋ ಆಮೆಯೋ ನೀರುನಾಯಿಯೋ ನಿಮ್ಮ ಪಾಲು ತೆಗೆದುಕೊಂಡಿರುತ್ತದೆ. ಆಮೆ, ನೀರುನಾಯಿ ಗಾಳಕ್ಕೆ ಸಿಕ್ಕಿ ಸಾಯುವುದೂ ಉಂಟು.

ಈಗ ಕೆಲವರು ರಾಟೆಯಿರುವ ಕೋಲು ಕೊಳ್ಳುತ್ತಿದ್ದೀರಿ. ಒಳ್ಳೆಯದೇ. ಆದರೆ ರಾಟೆಯ ತಡೆಯನ್ನು ಪೂರಾ ಬಿಗಿದರೆ ಅದಕ್ಕೆ ಕೊಟ್ಟ ಹಣ ದಂಡ. ದಾರ ತಡೆಯುವ ಬಲದ ಮೂರನೇ ಒಂದು ಪಾಲು ಜಗ್ಗಿದಾಗ ದಾರ ಬಿಚ್ಚಿಕೊಳ್ಳುವಂತೆ ಇಡಬೇಕು. ಬಾಳೆಯ ಮೊದಲ ಓಟ ಉದ್ದ. ಓಡಲಿ ಬಿಡಿ, ದಾರ ಮಾತ್ರ ಸಡಿಲವಾಗಬಾರದು. ಸ್ವಲ್ಪ ಹೊತ್ತಿಗೆ ಸೋತಂತೆ ಬರುತ್ತದೆ. ದಡದ ಹತ್ತಿರ ನಿಮ್ಮನ್ನು ಕಂಡ ಕೂಡಲೇ ಇನ್ನೊಂದು ಸಲ ನುಗ್ಗುತ್ತದೆ. ಹೆಚ್ಚು ಮೀನು ತಪ್ಪುವುದು ಈ ಎರಡನೆಯ ನುಗ್ಗಿನಲ್ಲಿಯೇ, ಗೆದ್ದೆನೆಂದು ಕೈ ಬಿಗಿ ಮಾಡಿದ ಹೊತ್ತಿನಲ್ಲಿ. ಬರಿಗೈಯ ದಾರವಾದರೆ ಒದ್ದೆ ಬಟ್ಟೆಯ ನಡುವೆ ಹಿಡಿಯಿರಿ. ಯಾವ ಕಾರಣಕ್ಕೂ ಅಂಗೈಗೆ, ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಹತ್ತು ಕಿಲೋ ಮೀನು ಒಮ್ಮೆ ನುಗ್ಗಿದರೆ ನೈಲಾನ್ ದಾರ ಬೆರಳಿನ ಎಲುಬಿನ ತನಕ ಕೊಯ್ಯುತ್ತದೆ, ಕೆಸರಿನ ದಡದಲ್ಲಿ ಮನುಷ್ಯನನ್ನೇ ಜಾರಿಸುತ್ತದೆ. ಮಕ್ಕಳನ್ನು ಗಾಳಕ್ಕೆ ಒಂಟಿಯಾಗಿ ಕಳಿಸಬಾರದು, ಈಜು ಬಾರದವರನ್ನಂತೂ ಕಳಿಸಲೇಬಾರದು. ಮೇಲೆ ತೆಗೆಯಲು ಕೈಬಲೆ ಇಟ್ಟುಕೊಳ್ಳಿ. ದಾರದಲ್ಲೇ ಎತ್ತಿದರೆ ಮೀನಿನ ಪೂರ್ಣ ಭಾರ ಒಂದು ಗಂಟಿನ ಮೇಲೆ ಬೀಳುತ್ತದೆ.

ಗಾಳ ಕೈಗೇ ನಾಟಿದರೆ ಹಿಂದಕ್ಕೆ ಕಿತ್ತು ಎಳೆಯಬೇಡಿ, ಹಿಮ್ಮುಳ್ಳು ಮಾಂಸವನ್ನು ಹರಿಯುತ್ತದೆ. ದಾರ ಕತ್ತರಿಸಿ, ಗಾಳ ಅಲುಗದಂತೆ ಬಟ್ಟೆ ಕಟ್ಟಿ, ಆಸ್ಪತ್ರೆಗೆ ಹೋಗಿ ತೆಗೆಸಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿ. ಚೇಳು ಮೀನು ಚುಚ್ಚಿದರೆ, ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕೈ ಇಟ್ಟರೆ ಉರಿ ತಗ್ಗುತ್ತದೆ.

ಯಾವಾಗ ಹಿಡಿಯಬಾರದು ಎಂಬುದೂ ಹಿಡಿಯುವ ವಿದ್ಯೆಯಲ್ಲಿ ಸೇರಿದೆ. ಮುಂಗಾರು ಹಿಡಿದಾಗ ಕುಚ್ಚು ಜೊಂಡಿನ ನಡುವೆ ಗುಂಡಗೆ ಜಾಗ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಮೊಟ್ಟೆ ನೀರ ಮೇಲೆ ತೇಲುತ್ತವೆ, ಒಂದೆರಡು ದಿನದಲ್ಲಿ ಮರಿಯಾಗುತ್ತವೆ. ಕೆಂಪು ಬಣ್ಣದ ಸಣ್ಣ ಮರಿಗಳು ಒಂದೇ ಗುಂಪಾಗಿ ನೀರ ಮೇಲೆ ಕುದಿಯುವಂತೆ ಆಡುವುದನ್ನು ನೀವೆಲ್ಲ ಕಂಡಿದ್ದೀರಿ. ಅದರ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಗುಂಪಿನ ಮೇಲೆ ಏನು ಇಳಿಸಿದರೂ ಹಸಿವಿಲ್ಲದಿದ್ದರೂ ಕಚ್ಚುತ್ತವೆ. ಹಾಗೆ ಹಿಡಿದವನು ಜಾಣನಲ್ಲ. ಕಾವಲು ಹೋದ ಗಂಟೆಯೊಳಗೆ ಕೊರವ, ಹಕ್ಕಿ, ಹಾವುಗಳು ಆ ಮರಿಗಳನ್ನು ಮುಗಿಸುತ್ತವೆ. ನಿಮ್ಮ ಸಾಕಣೆ ಹೊಂಡದಲ್ಲಾದರೆ ಮಾತು ಬೇರೆ, ಅಲ್ಲಿ ಮರಿಗುಂಪನ್ನು ಸೊಳ್ಳೆಪರದೆಯಿಂದ ಎತ್ತಿ ಊರ ಕೆರೆಗೆ ಬಿಡಿ, ತಾಯಿಯನ್ನು ಹಿಡಿಯಿರಿ. ಆದರೆ ಊರ ಕೆರೆಯಲ್ಲಿ, ಹೊಳೆಯಲ್ಲಿ ಜೂನ್‌ನಿಂದ ಆಗಸ್ಟ್ ತನಕ ಕೈ ತಡೆಯಿರಿ. ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಹತ್ತುಮೀನನ್ನು ಕತ್ತಿಯಿಂದ ಕಡಿಯುವುದು ನಮ್ಮ ಕಡೆಯ ದೊಡ್ಡ ಸಂಭ್ರಮ. ಬಾಳೆಯೂ ಆಗಲೇ ಮೊಟ್ಟೆ ಹೊತ್ತು ಮೇಲೆ ಬರುವುದು. ಒಂದು ಹೆಣ್ಣಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇರುವುದುಂಟು. ಬಾಳೆ ಮೀನು ಎಲ್ಲೆಡೆ ಕಡಿಮೆಯಾಗುತ್ತಿದೆ ಎಂದು ನೀವೇ ಹೇಳುತ್ತೀರಿ, ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ಬೇಸಗೆಯಲ್ಲಿ ಸೊರಬ, ಶಿಕಾರಿಪುರದ ಕಡೆ ನೀರಿಳಿದ ಕೆರೆಗಳಲ್ಲಿ ಕೆರೆಬೇಟೆ ನಡೆಯುತ್ತದೆ. ನೂರಾರು ಜನ ಕೂಣಿ ಹಿಡಿದು ಒಟ್ಟಿಗೆ ಇಳಿಯುತ್ತೀರಿ. ಕೆಸರಿನಲ್ಲಿ ಹೂತ ಕುಚ್ಚು ಕೂಣಿಗೆ ಸಿಗುವಷ್ಟು ಬಲೆಗೆ ಸಿಗುವುದಿಲ್ಲವಾದ್ದರಿಂದ ಆ ಕೆರೆಗೆ ಮತ್ತೆ ಮರಿ ಬಿಡುವ ಮುನ್ನ ಕೆರೆಬೇಟೆ ಆಗುವುದು ಒಳ್ಳೆಯದೇ. ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರನ ಒಪ್ಪಿಗೆ ಇಲ್ಲದೆ ಗಾಳವನ್ನೂ ಹಾಕಬಾರದು. ಜಲಾಶಯಕ್ಕೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಸಿಡಿಮದ್ದು, ವಿಷ ಹಾಕುವುದನ್ನು 1897ರ ಕಾಯಿದೆಯೇ ನಿಷೇಧಿಸಿತ್ತು. ಪಂಪಿನ ತಂತಿಯಿಂದ ನೀರಿಗೆ ಕರೆಂಟು ಬಿಡುವವರಿಗೆ ಕಾಯಿದೆಯ ಮಾತು ಬೇಡ. ಆ ನೀರಿನಲ್ಲಿ ಎಮ್ಮೆ ಇಳಿಯುತ್ತದೆ, ಬಟ್ಟೆ ಒಗೆಯುವ ಹೆಂಗಸರು ಇಳಿಯುತ್ತಾರೆ.

ಉಳಿದ ಜೀವಂತ ಎರೆಯನ್ನು ಇನ್ನೊಂದು ಕೆರೆಗೆ ಸುರಿಯಬೇಡಿ. ಸರ್ಕಾರ ನಿಷೇಧಿಸಿದ ಆಫ್ರಿಕದ ಮುರುಗೋಡಿನ ಮರಿ ಹಾಗೆಯೇ ಊರಿಂದ ಊರಿಗೆ ಹರಡುತ್ತದೆ. ಮನೆಗೆ ಬಂದ ಮೇಲೆ ಗಾಳಗಳನ್ನು ತೊಳೆದು ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬೆಂಡಿನ ತುಂಡಿಗೆ ಚುಚ್ಚಿ ಮಕ್ಕಳ ಕೈಗೆ ಸಿಗದಂತೆ ಮೇಲಿಡಿ. ದಾರವನ್ನು ಬಿಸಿಲಲ್ಲಿ ನೇತುಹಾಕಬಾರದು, ಬಿಸಿಲಿಗೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ. ಗಾಳದ ಹತ್ತಿರದ ಎರಡು ಮೊಳ ದಾರವನ್ನು ಬೆರಳ ನಡುವೆ ಎಳೆದು ನೋಡಿ, ಒರಟು ತಾಗಿದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕಿಕೊಳ್ಳಿ. ಕತ್ತರಿಸಿದ ತುಂಡುಗಳನ್ನು ಕೆರೆ ದಡದಲ್ಲಿ ಬಿಟ್ಟರೆ ಹಕ್ಕಿಗಳ ಕಾಲಿಗೆ, ದನದ ಹೊಟ್ಟೆಗೆ ಹೋಗುತ್ತವೆ. ಅವನ್ನು ಮನೆಗೆ ತಂದು ಕಸಕ್ಕೆ ಹಾಕಿ.